ಅಳತೆ ರವಿಕೆ ವಿಮಾನ ಹತ್ತಿದ್ದು

ಮಾನ್ಯ, ಚಿರಾಗ್, ಪುಟ್ಟ ಇಂಚರ, ಮೂವರೂ ಒಟ್ಟಿಗೆ ಕೂತು ಓದಿ. ಜನ ಸಮುದ್ರ ನೋಡಲು ವಿದೇಶಕ್ಕೆ ಹೋಗುತ್ತಾರೆ, ದೊಡ್ಡ ದೊಡ್ಡ ಕಟ್ಟಡ ನೋಡಲು ಹೋಗುತ್ತಾರೆ. ನಿಮ್ಮ ಚಿಂತಾಮಣಿ ಅಜ್ಜಿ ವಿಮಾನ ಹತ್ತಿ ಸಮುದ್ರ ದಾಟಿದ್ದು ಯಾಕೆ ಗೊತ್ತೇ? ಹೇಳಿದ ದಿನಕ್ಕೆ ಬಟ್ಟೆ ಹೊಲಿದು ಕೊಡುವ ಟೈಲರ್ ಹೇಗಿರುತ್ತಾನೆ ಎಂದು ಕಣ್ಣಾರೆ ನೋಡಲು!

ನಗಬೇಡಿ. ಚಿಂತಾಮಣಿಯಲ್ಲಿ ಅವರಿಗೊಬ್ಬ ಖಾಯಂ ಟೈಲರ್ ಇದ್ದಾನೆ. ಯುಗಾದಿಗೆಂದು ಕೊಟ್ಟ ರವಿಕೆ ಗೌರಿ ಹಬ್ಬಕ್ಕೆ ಬಂದರೆ ಅದೇ ಪುಣ್ಯ. ಯಾವಾಗ ಹೋದರೂ ಒಂದೇ ಮಾತು: "ನಾಳೆ ಬನ್ನಿ ಅಕ್ಕಾ, ಹುಕ್ಕು ಒಂದು ಬಾಕಿ." ಹೀಗಿರುವಾಗ ಒಂದು ದಿನ ಫೋನಿನಲ್ಲಿ ಅವರಿಗೆ ಒಂದು ವಿಡಿಯೋ ಕಂಡಿತು. ವಿಯೆಟ್ನಾಂ ದೇಶದ ಹೋಯಿ ಆನ್ ಎಂಬ ಊರು, ಬೀದಿ ತುಂಬ ಟೈಲರ್ ಅಂಗಡಿಗಳು, ಇವತ್ತು ಬಟ್ಟೆ ಕೊಟ್ಟರೆ ನಾಳೆ ಸಂಜೆಗೆ ಉಡುಪು ಸಿದ್ಧ! ಓಡಿಹೋಗಿ ಟೈಲರ್‌ಗೆ ತೋರಿಸಿದರು. ಅವನು ಕತ್ತರಿಯನ್ನೂ ಕೆಳಗಿಡದೆ ನೋಡಿ, "ಅಕ್ಕಾ, ಅದೆಲ್ಲ ಗ್ರಾಫಿಕ್ಸು" ಅಂದನಂತೆ.

ಅಷ್ಟೇ! ಚಿಕ್ಕಬಳ್ಳಾಪುರದಿಂದ ವರ್ಷವರ್ಷವೂ ಜನರನ್ನು ಕಾಶಿಗೆ ಕರೆದೊಯ್ಯುವ ಪ್ರವಾಸದವರು ಆ ಸಲ ವಿಯೆಟ್ನಾಂಗೆ ಹೊರಟಿದ್ದರು. ಅವರ ಗುಂಪಿನಲ್ಲಿ ಎರಡು ಹೆಸರು ಬರೆಸಿ, ಅದರಲ್ಲಿ ಒಂದು ನನ್ನದು ಎಂದು ಆಮೇಲೆ ನನಗೆ ಹೇಳಿದರು.

ಇವರು ನಿಮ್ಮ ತಾತನ ಒಡಹುಟ್ಟಿದ ಅಕ್ಕ. ನಾನೂ ಮದುವೆಯಾಗಿ ಬಂದ ದಿನದಿಂದ ಅಕ್ಕ ಎಂದೇ ಕರೆಯುವುದು. ಅಕ್ಕನಿಗೆ ಬಟ್ಟೆಯನ್ನು ಕಣ್ಣಿನಿಂದ ನೋಡುವ ಅಭ್ಯಾಸವೇ ಇಲ್ಲ. ಎರಡು ಬೆರಳ ನಡುವೆ ಹಿಡಿದು ಉಜ್ಜಬೇಕು. ಆ ಬಟ್ಟೆ ಯಾರ ಮೈಮೇಲಿದೆ ಎಂಬುದು ಮುಖ್ಯವಲ್ಲ!

ಒಮ್ಮೆ ಗೌರಿಬಿದನೂರಿನಿಂದ ರೈಲಿನಲ್ಲಿ ಬರುತ್ತಿದ್ದೆವು. ಎದುರು ಸೀಟಿನಲ್ಲಿ ಹಿಂದೂಪುರದ ಕಡೆಯ ಒಬ್ಬ ಹೆಂಗಸು. ಗುರುತಿಲ್ಲ, ಪರಿಚಯವಿಲ್ಲ. ಅಕ್ಕ ಬಗ್ಗಿ ಆಕೆಯ ಸೆರಗು ಹಿಡಿದೇಬಿಟ್ಟರು. "ರೇಷ್ಮೆ ಅಂತ ಕೊಟ್ರಾ ಇದನ್ನ? ಮೋಸ ಹೋದ್ರಿ ಕಣಮ್ಮ!" ನಾನು ಕಿಟಕಿಯ ಕಡೆ ತಿರುಗಿ, ಇವರು ಯಾರೋ ನನಗೆ ಗೊತ್ತಿಲ್ಲ ಎಂಬಂತೆ ಕೂತೆ. ಆಕೆ ತೆಲುಗಿನಲ್ಲಿ ಸಿಡುಕಿದರು. ಅಕ್ಕನೂ ತಕ್ಷಣ ತೆಲುಗಿಗೆ ಹೊರಳಿ, ಆಕೆಯನ್ನು ಬಿಟ್ಟು ಆ ಸೀರೆ ಮಾರಿದವನನ್ನು ಬೈಯಲು ಶುರು ಮಾಡಿದರು. ಎಂಥ ಬೈಗುಳ! ಯಲಹಂಕ ಬರುವಷ್ಟರಲ್ಲಿ ಆಕೆ ಅಕ್ಕನ ಕೈ ಹಿಡಿದುಕೊಂಡು, ಮಗಳ ಮದುವೆಯ ಸೀರೆಗೆ ನೀವೇ ಜೊತೆಗೆ ಬರಬೇಕು ಎನ್ನುತ್ತಿದ್ದರು.

ಇನ್ನೊಂದು ಸಲ ಒಂದು ಮದುವೆಯಲ್ಲಿ ಅಕ್ಷತೆ ಹಾಕಲು ಮಂಟಪಕ್ಕೆ ಹೋದವರು, ಅಕ್ಷತೆ ಮರೆತು ಮದುಮಗನ ಪಂಚೆಯ ಅಂಚನ್ನು ಉಜ್ಜುತ್ತಾ ನಿಂತರು. ಪಾಪ, ಆ ಹುಡುಗ ತಾಳಿ ಕಟ್ಟುವುದು ಬಿಟ್ಟು ಎರಡೂ ಕೈಯಲ್ಲಿ ಪಂಚೆ ಹಿಡಿದುಕೊಂಡ!

ಅಕ್ಕನ ಗಂಡ ತೀರಿಹೋಗಿ ಬಹಳ ಕಾಲವಾಯಿತು. ಆದರೂ ಗಿಳಿಹಸಿರು, ಅರಿಶಿನ, ನೇರಳೆ, ಯಾವ ಬಣ್ಣವನ್ನೂ ಅವರು ಬಿಟ್ಟವರಲ್ಲ. ಒಬ್ಬರು ಯಾರೋ ಕೇಳಿಯೂಬಿಟ್ಟರು, "ಈ ವಯಸ್ಸಲ್ಲಿ, ಹೀಗಾದಮೇಲೆ, ಹಸಿರು ಯಾಕಮ್ಮ ನಿಮಗೆ?" ಅಕ್ಕ ಅಂದರು, "ಬದನೇಗಿಡನೂ ಹಸಿರಾಗೈತೆ. ಅದಕ್ಕೇನು ಗಂಡ ಇದ್ದಾನಾ?"

ನನಗೆ ಅಂಥ ಧೈರ್ಯವಿಲ್ಲ. ಶಿಡ್ಲಘಟ್ಟದ ಕಡೆ ಹುಟ್ಟಿ, ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಾ ಬೆಳೆದವಳು ನಾನು. ಆದರೆ ನಿಮ್ಮ ತಾತ ಹೋದ ಮೇಲೆ ಬೂದು ಬಣ್ಣ ಬಿಟ್ಟು ಬೇರೆ ಉಟ್ಟಿರಲಿಲ್ಲ. ಯಾರೂ ಉಡಬೇಡ ಅನ್ನಲಿಲ್ಲ, ನಾನೂ ಉಡುತ್ತೇನೆ ಅನ್ನಲಿಲ್ಲ. ಮಾನ್ಯ, ನಿನ್ನ ಮದುವೆ ಗೊತ್ತಾದಾಗ, ಬೂದು ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂತು ಅಲ್ಲಿಂದಲೇ ಕಣ್ತುಂಬ ನೋಡುತ್ತೇನೆ ಎಂದು ನಿಶ್ಚಯ ಮಾಡಿಕೊಂಡಿದ್ದೆ. ಇದನ್ನು ಅಕ್ಕನಿಗೆ ಹೇಳಿದೆ. ಅವರು ಒಂದು ಮಾತೂ ಆಡಲಿಲ್ಲ. ಅಕ್ಕ ಸುಮ್ಮನಿದ್ದಾರೆ ಎಂದರೆ ನನಗೆ ಆಗಲೇ ಅನುಮಾನ ಬರಬೇಕಿತ್ತು!

ಪ್ರಯಾಣಕ್ಕೆ ಗಂಟು ಕಟ್ಟುವಾಗ, "ಅಳತೆ ರವಿಕೆ ಇಟ್ಕೊಂಡ್ಯೇನೇ?" ಎಂದರು.

"ಅದ್ಯಾಕಕ್ಕ? ನಾನೇನೂ ಹೊಲಿಸಲ್ಲ."

"ಹೊಲಿಸಬೇಡ. ಇಟ್ಕೋ. ಟೈಲರ್ ಊರಿಗೆ ಹೋಗ್ತಿದೀವಿ, ಬರಿಗೈಲಿ ಹೋಗ್ಬಾರ್ದು."

ನಿಮ್ಮ ಕಾಲದವರಿಗೆ ಇದು ಗೊತ್ತಿರದು. ನನ್ನ ಮೈಗೆ ಈವರೆಗೆ ಯಾವ ಟೈಲರ್ರೂ ಟೇಪು ಹಿಡಿದಿಲ್ಲ. ಸರಿಯಾಗಿ ಕೂರುವ ಒಂದು ಹಳೆಯ ರವಿಕೆಯನ್ನು ಅಳತೆಗೆ ಕೊಟ್ಟು ಕಳಿಸುವುದು, ಅದರಂತೆ ಅವನು ಹೊಲಿಯುವುದು. ಅಂಗಡಿಯ ಬಾಗಿಲಿಗೂ ನಾನು ಹೋಗುತ್ತಿರಲಿಲ್ಲ. ನನ್ನ ಅಳತೆ ರವಿಕೆಗೆ ಒಂದು ಗುರುತಿದೆ. ಸೆರಗು ಜಾರುತ್ತದೆಂಬ ಅಂಜಿಕೆಗೆ ನಾನು ಪ್ರತಿ ರವಿಕೆಯ ಎಡಪಟ್ಟಿಯ ಒಳಗೆ ಎರಡು ಪಿನ್ನು, ಒಂದಕ್ಕೊಂದು ಸಿಕ್ಕಿಸಿ, ನೇತುಹಾಕಿರುತ್ತೇನೆ. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು.

ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಅಕ್ಕನ ಚೀಲದಿಂದ ಒಂದು ಬೆಂಕಿಪೊಟ್ಟಣ ಹೊರಗೆ ತೆಗೆದರು.

"ಇದ್ಯಾಕಮ್ಮ?"

"ಸೀರೆ ಸುಡಕ್ಕೆ!"

ಆ ಅಧಿಕಾರಿ "ಯಾರ ಸೀರೆಯಮ್ಮಾ?" ಎಂದು ಕೇಳುತ್ತಾ ನನ್ನ ಕಡೆ ನೋಡಿದರು! ಅಸಲಿ ರೇಷ್ಮೆಯ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಜ್ಜಿದರೆ ಬೂದಿಯಾಗುತ್ತದೆ, ನಕಲಿಯಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ ಎಂದು ನಾನು ನಾಚಿ ನಾಚಿ ವಿವರಿಸುವಷ್ಟರಲ್ಲಿ ಹಿಂದಿನ ಸಾಲು ಬಾಗಿಲಿನವರೆಗೆ ಬೆಳೆದಿತ್ತು. ಬೆಂಕಿಪೊಟ್ಟಣ ಅಲ್ಲೇ ಉಳಿಯಿತು. ಅಕ್ಕ ದಾರಿಯುದ್ದಕ್ಕೂ ಅದಕ್ಕಾಗಿ ಕೊರಗಿದರು.

ಹೋಯಿ ಆನ್ ಎಂಥ ಚೆಂದದ ಊರು! ನದಿಯ ದಡ, ಹಳದಿ ಬಣ್ಣದ ಗೋಡೆಗಳು, ಬೀದಿಯ ಮೇಲೆಲ್ಲ ಬಣ್ಣಬಣ್ಣದ ಲಾಂದ್ರಗಳು. ಗುಂಪಿನವರೆಲ್ಲ ಹಳೆಯ ಸೇತುವೆ ನೋಡಲು ಹೋದರು. ಅಕ್ಕ ಸೇತುವೆಯ ಕಡೆ ತಲೆಯನ್ನೂ ತಿರುಗಿಸಲಿಲ್ಲ. ಲಾಂದ್ರವೊಂದನ್ನು ಎಟುಕಿಸಿಕೊಂಡು ಉಜ್ಜಿ ನೋಡಿ, "ಇದೂ ರೇಷ್ಮೆ ಕಣೇ! ದೀಪಕ್ಕೂ ರೇಷ್ಮೆ ಉಡಿಸೋ ಜನ ಇವ್ರು!" ಎಂದು ಕುಣಿದೇಬಿಟ್ಟರು.

ಬಟ್ಟೆ ಅಂಗಡಿಗೆ ನುಗ್ಗಿದೆವು. ಅಲ್ಲಿನ ಅಂಗಡಿಗಳಲ್ಲಿ ನೆಲದ ಮೇಲೆ ಒಂದು ಪುಟ್ಟ ದೇವರ ಗೂಡು ಇಟ್ಟು ಊದುಬತ್ತಿ ಹಚ್ಚಿರುತ್ತಾರೆ. ಅದನ್ನು ಕಂಡದ್ದೇ ಅಕ್ಕನ ಮುಖ ಅರಳಿತು. ಬಟ್ಟೆಯ ಥಾನಿನ ಅಂಚಿನಿಂದ ಒಂದೆಳೆ ಕಿತ್ತು, ಗೂಡಿನ ಮುಂದೆ ಮೊಣಕಾಲೂರಿ, ಮೊದಲು ಭಕ್ತಿಯಿಂದ ಕೈಮುಗಿದು, ಆಮೇಲೆ ಎಳೆಯನ್ನು ಊದುಬತ್ತಿಯ ಕೆಂಡಕ್ಕೆ ತಾಗಿಸಿದರು. ಅಂಗಡಿಯ ಹುಡುಗಿ ಇದೇನೋ ದೊಡ್ಡ ಪೂಜೆ ಎಂದುಕೊಂಡು ತಾನೂ ಪಕ್ಕದಲ್ಲಿ ಕೂತು ಕೈಮುಗಿದಳು! ಎಳೆ ಕರಗಿ ಮಣಿಯಾಯಿತು. ಅಕ್ಕ ಎದ್ದು, "ದೇವ್ರು ಒಪ್ಪಲಿಲ್ಲ" ಎಂದು ಹೊರಟರು. ಎರಡನೆಯ ಅಂಗಡಿಯಲ್ಲಿ ಮಾತ್ರ ಕೂದಲು ಸುಟ್ಟ ವಾಸನೆ ಘಮ್ಮೆಂದಿತು. ಆ ವಾಸನೆಗೆ ಅಷ್ಟು ಸಂತೋಷಪಟ್ಟ ಗಿರಾಕಿಯನ್ನು ಅವರು ಹಿಂದೆಂದೂ ಕಂಡಿರಲಾರರು.

ಅಲ್ಲಿ ಅಕ್ಕ ಆರಿಸಿದ್ದು ಕನಕಾಂಬರ ಬಣ್ಣದ ರೇಷ್ಮೆ. ನಮ್ಮ ಕಡೆ ಹೂವಿನ ತೋಟದಲ್ಲಿ ಬೆಳಗಿನ ಬಿಸಿಲು ಬಿದ್ದಾಗ ಇರುತ್ತದಲ್ಲ, ಥೇಟ್ ಅದೇ. ಸೀರೆಗೆ ಆರು ಮೀಟರ್, ರವಿಕೆಗೆ ಒಂದು ಮೀಟರ್.

"ಯಾರಿಗಕ್ಕ?"

"ನಂಗೇ. ಮಾನ್ಯನ ಮದುವೇಲಿ ನಾನು ಮಿಂಚಬೇಕು."

ಅಕ್ಕನ ಮೈಕಟ್ಟು ನಿಮಗೆ ಗೊತ್ತಲ್ಲ. ಸರ್ಕಾರಿ ಬಸ್ಸಿನಲ್ಲಿ ಇಬ್ಬರ ಸೀಟಿಗೆ ಅವರೊಬ್ಬರೇ ಸಾಕು. ರವಿಕೆಗೆ ಒಂದು ಮೀಟರ್ ಹೇಗೆ ಸಾಲುತ್ತದೆ ಎಂದು ಒಂದು ಕ್ಷಣ ಅನಿಸಿತು. ಆದರೆ ಬಟ್ಟೆಯ ವಿಷಯದಲ್ಲಿ ಅಕ್ಕನನ್ನು ಕೇಳುವುದುಂಟೆ!

ಪಕ್ಕದಲ್ಲೇ ಟೈಲರ್ ಅಂಗಡಿ. ಕೊರಳಲ್ಲಿ ಟೇಪು ಹಾಕಿಕೊಂಡ, ನಗುಮುಖದ ಒಬ್ಬ ಹೆಂಗಸು. ಅಕ್ಕ ಶುರು ಮಾಡಿದರು, "ನಾಳೆ ಸಾಯಂಕಾಲಕ್ಕೆ ಕೊಡ್ತೀಯೇನಮ್ಮ?" ಆಕೆಗೆ ತಿಳಿಯಲಿಲ್ಲ. "ರೇಪು ಸಾಯಂತ್ರಾನಿಕಿ ಇಸ್ತಾವಾ?" ಊಹೂಂ. "ಕಲ್ ಶಾಮ್ ಕೂ ದೇತೆ ಕ್ಯಾ?" ಊಹೂಂ! ಅಕ್ಕ ಬೆರಗಾಗಿ ನನ್ನ ಕಡೆ ತಿರುಗಿದರು. ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಕನ್ನಡ ಬರದವರಿಗೆ ತೆಲುಗು ಬರುತ್ತದೆ, ತೆಲುಗು ಬರದವರಿಗೆ ಉರ್ದು ಬರುತ್ತದೆ. ಮೂರೂ ಬರದವರು ಪ್ರಪಂಚದಲ್ಲಿ ಇರಬಹುದು ಎಂದು ಅವರು ಎಣಿಸಿಯೇ ಇರಲಿಲ್ಲ. "ಪಾಪ ಕಣೇ, ಬರೀ ಒಂದೇ ಭಾಷೇಲಿ ಹೆಂಗೆ ಬದುಕ್ತಾರೋ!"

ಕೊನೆಗೆ ಆಕೆ ಗೋಡೆಯ ಗಡಿಯಾರದಲ್ಲಿ ನಾಲ್ಕು ತೋರಿಸಿದಳು. ಆಮೇಲೆ ಟೇಪು ಹಿಡಿದು, ನನಗೂ ಏನಾದರೂ ಹೊಲಿಯಬೇಕೇನೋ ಎಂದು ನನ್ನ ಕಡೆ ಬಂದಳು. ನಾನು ಕೋಟು ತೊಡಿಸಿ ನಿಲ್ಲಿಸಿದ್ದ ಗೊಂಬೆಯ ಹಿಂದೆ ಸರಿದೆ! ಅಕ್ಕ ನಗುತ್ತಾ, ಬಾಯಿ ಕಟ್ಟಿದ ಒಂದು ಬಟ್ಟೆಚೀಲವನ್ನು ಆಕೆಯ ಕೈಗೆ ಕೊಟ್ಟು, "ಅವಳನ್ನ ಬಿಡಮ್ಮ. ಅಳತೆ ಇದರೊಳಗೈತೆ" ಎಂದರು.

ಅಂದು ಹೋಟೆಲಿಗೆ ಬಂದು ಪೆಟ್ಟಿಗೆ ತೆಗೆದರೆ ನನ್ನ ಅಳತೆ ರವಿಕೆ ಇಲ್ಲ. ಹುಡುಕಿ ಹುಡುಕಿ ಸುಸ್ತಾದೆ. "ಮನೇಲೇ ಬಿಟ್ಟಿರ್ತೀಯ. ನಿನ್ನ ತಲೆ ನನಗೆ ಗೊತ್ತಿಲ್ವಾ?" ಎಂದರು ಅಕ್ಕ, ಹಪ್ಪಳ ಮುರಿಯುತ್ತಾ.

ಮರುದಿನ ನಾಲ್ಕಕ್ಕೆ ಸರಿಯಾಗಿ ಹೋದೆವು. ರವಿಕೆ ಸಿದ್ಧ! ಮಡಿಸಿ, ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ! ಅಕ್ಕನ ಮುಖ ನೋಡಬೇಕಿತ್ತು. ಸಂತೋಷವೇ, ನಿರಾಸೆಯೇ? ಬೆಳಗಿನಿಂದ ಜಗಳಕ್ಕೆ ಮಾತು ಜೋಡಿಸಿಟ್ಟುಕೊಂಡಿದ್ದರು. "ಒಂದು ಹುಕ್ಕೂ ಬಾಕಿ ಇಲ್ವಲ್ಲೇ!" ಎಂದು ತಡವರಿಸಿದರು. ಆಕೆಯನ್ನು ಅಪ್ಪಿಕೊಂಡು ಫೋಟೋ ತೆಗೆಸಿ, ಅಲ್ಲಿಂದಲೇ ಚಿಂತಾಮಣಿಯ ಟೈಲರ್‌ಗೆ ಕಳಿಸಿದರು. ಅವನ ಉತ್ತರ ತಕ್ಷಣ ಬಂತು. ಆಯುಷ್ಯದಲ್ಲಿ ಅವನು ಬೇಗ ಮಾಡಿದ ಕೆಲಸ ಅದೊಂದೇ! "ಅಕ್ಕಾ, ನಿಮ್ಮ ಹಸಿರು ರವಿಕೆ ನಾಳೆ ರೆಡಿ."

ಕೋಣೆಗೆ ಬಂದು ಅಕ್ಕ ಹೊಸ ರವಿಕೆಗೆ ತೋಳು ತೂರಿಸಿದರು. ಅದು ಮೊಣಕೈ ದಾಟಲಿಲ್ಲ.

"ಅಯ್ಯಯ್ಯೋ! ಕೆಡಿಸಿಬಿಟ್ಟಳು ಕಣೇ! ದೇವ್ರಂಥ ಬಟ್ಟೆ ಹಾಳು ಮಾಡಿದ್ಲು! ಇನ್ನೇನು ಮಾಡೋದು, ನೀನೇ ಹಾಕ್ಕೊಳ್ಳೇ. ಸೀರೆನೂ ನೀನೇ ಉಟ್ಕೋ. ಜೋಡಿ ಒಡೀಬಾರ್ದು."

ಅಷ್ಟು ಜೋರಾಗಿ ಕೂಗಿದವರ ಕಣ್ಣಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ರವಿಕೆ ಕೈಗೆ ತೆಗೆದುಕೊಂಡು ತಿರುಗಿಸಿದೆ. ಎಡಪಟ್ಟಿಯ ಒಳಗೆ ಏನೋ ಮಿನುಗಿತು. ಎರಡು ಹೊಸ ಪಿನ್ನು, ಒಂದಕ್ಕೊಂದು ಸಿಕ್ಕಿಸಿ! ಆ ಪುಣ್ಯಾತ್ಗಿತ್ತಿ ಅಳತೆಯಲ್ಲಿದ್ದ ಪಿನ್ನನ್ನೂ ಹೊಲಿಗೆಯ ಭಾಗವೆಂದುಕೊಂಡು, ಅದೇ ಜಾಗದಲ್ಲಿ ಹಾಗೇ ನೇತುಹಾಕಿದ್ದಳು.

"ಅಕ್ಕ, ಈ ಪಿನ್ನು?"

"ಪಿನ್ನಾ? ಈ ಊರಿನ ಫ್ಯಾಷನ್ನಿರಬೇಕು."

"ಈ ಫ್ಯಾಷನ್ನು ನಂದು ಅಕ್ಕ."

ಅಕ್ಕ ಮಂಚದ ಅಂಚಿನಲ್ಲಿ ಕೂತರು. ಕಿಟಕಿಯಾಚೆ ಲಾಂದ್ರಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಅವನ್ನೇ ನೋಡುತ್ತಾ, ನಾನು ಎಂದೂ ಕೇಳದ ಸಣ್ಣ ದನಿಯಲ್ಲಿ ಹೇಳಿದರು.

"ನನ್ನ ತಮ್ಮ ಹೋದ ಹತ್ತನೇ ದಿನ ನಿನ್ನ ಕೈಬಳೆ ತೆಗೆದೋಳು ನಾನು. ಮನೇಲಿ ಗಂಡ ಇಲ್ಲದ ಹಿರಿಯೋಳು ನಾನೊಬ್ಬಳೇ ಅಂತ ಎಲ್ರೂ ನನ್ನನ್ನೇ ಮುಂದಕ್ಕೆ ತಳ್ಳಿದ್ರು. ನೀನು ಕೈ ಕೊಟ್ಕೊಂಡು ಕೂತಿದ್ದೆ. ಆವತ್ತಿಂದ ಯಾವ ಬಟ್ಟೆ ಮುಟ್ಟಿದ್ರೂ, ಇದು ಅವಳಿಗೆ ಒಪ್ಪುತ್ತಾ ಅಂತಾನೇ ನೋಡ್ತೀನಿ ಕಣೇ. ಕೇಳಿದ್ರೆ ಬೇಡ ಅಂತೀಯ. ಅದಕ್ಕೇ ನಿನ್ನ ಅಳತೆ ರವಿಕೆ ಕದ್ದೆ. ಬೈಯೋದಿದ್ರೆ ಬೈದುಬಿಡು."

ರೈಲಿನ ಆ ಸೆರಗು, ಮದುಮಗನ ಪಂಚೆ, ಬೀದಿಯ ಲಾಂದ್ರ, ಎಲ್ಲವೂ ಕಣ್ಣ ಮುಂದೆ ಬಂದವು. ನನಗೆ ಬೈಯಲು ಬರುವುದಿಲ್ಲ, ನಿಮಗೆ ಗೊತ್ತು. ಎದ್ದು ಕಿಟಕಿಯ ಬೆಳಕಿಗೆ ಹೋಗಿ, ಅವರ ಮುಂದೆ ಎರಡೂ ಕೈ ಚಾಚಿ ನಿಂತೆ. ಅಕ್ಕ ತೋಳು ತೂರಿಸಿ, ಹುಕ್ಕು ಹಾಕಿ, ಹಿಂದೆ ಸರಿದು ನೋಡಿದರು. ಕಣ್ಣೊರೆಸಿಕೊಂಡರು. ಆಮೇಲೆ ಎಂದಿನ ದನಿ ವಾಪಸ್ಸು ಬಂತು. "ಕಂಕುಳಲ್ಲಿ ಒಂದು ಬೆರಳು ಬಿಗಿ ಆಯ್ತು. ಚಿಂತಾಮಣೀಲಿ ಬಿಚ್ಚಿಸೋಣ."

"ಬೇಡ ಅಕ್ಕ. ನಿಮ್ಮ ಟೈಲರ್ ಅದನ್ನ ಮಾನ್ಯನ ಮಗುವಿನ ಮದುವೆಗೆ ಕೊಡ್ತಾನೆ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ!

ಮಾನ್ಯ, ನಿನ್ನ ಮದುವೆಯ ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ಕನಕಾಂಬರ ಬಣ್ಣ ಉಟ್ಟು ನಿಂತಿದ್ದೇನೆ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅಜ್ಜಿ ಯಾಕೆ ಪಕ್ಕಕ್ಕೆ ನೋಡುತ್ತಿದ್ದಾಳೆ ಎಂದು ನೀನು ಕೇಳಿದ್ದೆಯಲ್ಲ? ನನ್ನ ಪಕ್ಕದಲ್ಲಿ ನಿಂತು ನನ್ನ ಸೆರಗನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದರಲ್ಲ, ಅವರನ್ನು ನೋಡುತ್ತಿದ್ದೆ.

ಆ ರವಿಕೆ ಬೀರುವಿನ ಮೇಲಿನ ಅರೆಯಲ್ಲಿದೆ. ಈ ಹಾಳೆಗಳನ್ನು ಅದರ ಮಡಿಕೆಯೊಳಗೆ ಇಡಿ, ನೆನೆಯದಂತೆ, ಹುಳು ಹಿಡಿಯದಂತೆ ನೋಡಿಕೊಳ್ಳಿ. ಎಷ್ಟೇ ಹಳತಾದರೂ ಆ ಎರಡು ಪಿನ್ನು ಮಾತ್ರ ಬಿಚ್ಚಬೇಡಿ.