ನಮ್ಮ ಮನೆಯ ಹೆರಿಗೆ ಪೆಟ್ಟಿಗೆ

ಇವತ್ತು ಹಾಲು ಕಾಯಿಸಿದೆ, ಟಾಕಿಗೆ ನೀರು ಏರಿಸಿದೆ, ಸರೋಜಳ ಸ್ಕೂಟರಿಗೆ ಗಾಳಿ ಹಾಕಿಸಿದೆ, ಅವ್ವನ ಕನ್ನಡಕದ ಸಡಿಲ ಸ್ಕ್ರೂ ಬಿಗಿ ಮಾಡಿದೆ, ಐದು ಕೋಳಿಮರಿಗಳ ತಟ್ಟೆಗೆ ನುಚ್ಚು ಸುರಿದೆ. ಕಡೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ನಮ್ಮಂಥ ಸಸ್ಯಾಹಾರಿ ಗೃಹಸ್ಥರು ಮಾಡುವ ಕೆಲಸಗಳೇ. ಆ ಕಡೆಯದರ ಬಗ್ಗೆ ಹೇಳದಿದ್ದರೆ ನೀವು ಇನ್ನೇನೋ ಭಾವಿಸೀರಿ ಎಂದು ಹೇಳುತ್ತಿದ್ದೇನೆ.

ನಾವು ಗದಗಿನ ಕಡೆಯವರು. ನಾನು ಪುಣೆಯ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯೊಂದರಲ್ಲಿ ಗುಮಾಸ್ತ. ಕೋಥರೂಡದ ಹಳೆಯ ಬಂಗಲೆಯ ಕೆಳಗಿನ ಭಾಗದಲ್ಲಿ ನಾನು, ಹೆಂಡತಿ ಸರೋಜ, ಅವ್ವ ಬಾಡಿಗೆಗಿದ್ದೇವೆ. ಹಿಂದೆ ಅಂಗೈಯಗಲದ ಹಿತ್ತಲಿದೆ, ಹಿತ್ತಲ ತುಂಬ ಗೆದ್ದಲಿದೆ. ಅವ್ವನ ಕಾಳಿನ ಪೆಟ್ಟಿಗೆಯ ಒಂದು ಕಾಲನ್ನು ಅದು ತಿಂದು ಮುಗಿಸಿದಾಗ ಯಾರೋ ಹೇಳಿದರು, ನಾಲ್ಕು ಕೋಳಿ ಬಿಡಿ, ಗೆದ್ದಲು ಹೆಸರಿಗೂ ಉಳಿಯುವುದಿಲ್ಲ ಎಂದು. ಬೆಳೆದ ಕೋಳಿಯನ್ನೇ ತರಬಹುದಿತ್ತು. ಆದರೆ ನನಗೆ ಬೆಳೆದ ಕೋಳಿಯ ಹೆದರಿಕೆ. ನಮ್ಮ ಅಂಗಡಿಯ ಮಾಲಕರಂತೆ ಅದು ಕತ್ತು ವಾರೆ ಮಾಡಿ ಒಂದೇ ಕಣ್ಣಿನಿಂದ ನೋಡುತ್ತದೆ. ಚಿಕ್ಕಂದಿನಿಂದ ನನ್ನ ಕೈಯಲ್ಲೇ ಬೆಳೆದರೆ ಸ್ವಲ್ಪ ಮರ್ಯಾದೆ ಕೊಟ್ಟೀತು ಎಂದು ಮೊಟ್ಟೆಗೆ ಕಾವು ಕೊಡುವ ಯಂತ್ರ ಹುಡುಕತೊಡಗಿದೆ.

ಹೆಣ್ಣು ನೋಡುವಾಗಲೂ ಅಷ್ಟು ವಿಚಾರಿಸಿರಲಿಲ್ಲ. ಥರ್ಮೋಕೋಲಿನದೋ ಪ್ಲಾಸ್ಟಿಕ್ಕಿನದೋ, ಮೊಟ್ಟೆಯನ್ನು ಅದೇ ಹೊರಳಿಸುತ್ತದೋ ನಾವೇ ಹೊರಳಿಸಬೇಕೋ, ಒಳಗೆ ನೀರಿಡುವ ಕಾಲುವೆ ಇದೆಯೋ ಇಲ್ಲವೋ. ಕಡೆಗೆ ಪಾರದರ್ಶಕ ಮುಚ್ಚಳದ್ದೊಂದನ್ನು ಆರಿಸಿದೆ. ಹೊರಳಿಸುವ ಕೆಲಸ ನಮ್ಮದೇ ಇರಲಿ, ಎಲ್ಲವನ್ನೂ ಯಂತ್ರವೇ ಮಾಡಿದರೆ ಸಾಕಿದ ತೃಪ್ತಿ ಎಲ್ಲಿಂದ ಬಂತು?

ಉಳಿದದ್ದು ಅವ್ವ. ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ದಾಟಿದ್ದೇ ಇಲ್ಲ. ಮೊಟ್ಟೆ, ತತ್ತಿ ಎಂಬ ಶಬ್ದಗಳನ್ನೂ ಅವ್ವ ಆಡುವುದಿಲ್ಲ, 'ಅವು' ಎನ್ನುತ್ತಾಳೆ. ಒಂದು ದಿನವೆಲ್ಲ ವಿಚಾರ ಮಾಡಿ ತೀರ್ಪು ಕೊಟ್ಟಳು. "ತಿನ್ಲಿಕ್ಕೆ ತಂದ್ರ ತಪ್ಪು, ಹಡಿಸ್ಲಿಕ್ಕೆ ತಂದ್ರ ತಪ್ಪಲ್ಲ. ಆದ್ರ ತಿನ್ನೂವಂಥಾ ಒಂದ ಒಂದು ಒಳಗ ಬಂತಂದ್ರ, ನಿನ್ನ ಪೆಟ್ಟಿಗಿ ಹೊರಗ, ನಾನು ಗದಗಿಗೆ. ಮತ್ತ ನಾ ಆ ಪೆಟ್ಟಿಗಿ ಕಡೆ ಹೊಳ್ಳೀನೂ ನೋಡಂಗಿಲ್ಲ."

ಒಪ್ಪಿದೆ. ಅಂದೇ ಸಂಜೆ ಓಣಿಯ ಕಿರಾಣಿ ಅಂಗಡಿಯಿಂದ ಬೆಳ್ಳಗೆ ಹೊಳೆಯುವ ಹತ್ತು ಮೊಟ್ಟೆ ತಂದು, ಪೆನ್ಸಿಲಿನಿಂದ ಗುರುತು ಹಾಕಿ, ನಡುಮನೆಯ ಮೇಜಿನ ಮೇಲೆ ಕಾವಿಗಿಟ್ಟೆ. ನಾನು ಬೆಳಿಗ್ಗೆ, ಸಂಜೆ ಹೊರಳಿಸುವುದು, ಮಧ್ಯಾಹ್ನದ ಪಾಳಿ ಸರೋಜಳದು. ಬೆಲ್ಲದ ಅಂಗಡಿಯಲ್ಲಿ ಕೂತಾಗಲೂ ನನ್ನ ಲಕ್ಷ್ಯ ಉಷ್ಣತೆಯ ಮೇಲೆಯೇ.

ಹತ್ತು ದಿನವಾಗಿರಬಹುದು, ಮೇಲ್ಮನೆಯ ಮಾಲಕಿ ಕಾಕು ನೋಡಲು ಬಂದರು. ಅವ್ವ ಗುಡಿಗೆ ಹೋಗಿದ್ದಳು, ದೇವರು ದೊಡ್ಡವನು. ಕಾಕು ಮೊಟ್ಟೆಯೊಂದನ್ನು ಟಾರ್ಚಿನ ಮುಂದೆ ಹಿಡಿದು, ಎಲ್ಲಿಂದ ತಂದಿರಿ ಎಂದು ಕೇಳಿದರು. ಹೇಳಿದೆ. ಅವರು ಅಲ್ಲೇ ಕುರ್ಚಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಭಾವೂ, ಹೀ ತರ ಆಮ್ಲೇಟಚೀ ಅಂಡೀ!" ಇವು ಆಮ್ಲೇಟಿನ ಮೊಟ್ಟೆಗಳು, ಅಂಗಡಿಗೆ ಬರುವ ಮೊಟ್ಟೆ ಹುಂಜದ ಮುಖ ಕಾಣದ ಕೋಳಿಗಳದು, ಅದರಿಂದ ಮರಿಯಾಗುವುದಿಲ್ಲ ಎಂದು ವಿವರಿಸಿದರು. ಮೊಟ್ಟೆ ತಿನ್ನುವ ಯಾವ ಮನುಷ್ಯನೂ ಮಾಡದ ತಪ್ಪು. ಏಳು ತಲೆಮಾರಿನ ಸಸ್ಯಾಹಾರ ನನ್ನನ್ನು ಇಲ್ಲಿಗೆ ತಂದು ನಿಲ್ಲಿಸಿತ್ತು.

ಅಂದರೆ ಅವ್ವ ಬೇಡವೆಂದ, ತಿನ್ನುವಂಥ ಹತ್ತು ಮೊಟ್ಟೆ, ಹತ್ತು ದಿನದಿಂದ ನಮ್ಮ ನಡುಮನೆಯಲ್ಲಿ ಬೆಚ್ಚಗೆ ಕೂತಿದ್ದವು. ಅವ್ವ ಗದಗಿಗೆ ಹೋದರೆ ಅಣ್ಣನ ಮನೆಯಲ್ಲಿ ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ಕೆಡಿಸಿಕೊಳ್ಳುತ್ತಾಳೆ. ಅವಳಿಲ್ಲದ ಮನೆಯಲ್ಲಿ ಬೆಳಗಿನ ಚಹಾದ ಜೊತೆ ಬೈಸಿಕೊಳ್ಳುವುದಾದರೂ ಯಾರಿಂದ? ಅಂಗಡಿಗೆ ಬೆಲ್ಲ ತರುವ ಟೆಂಪೋದವನ ಮನೆಯಲ್ಲಿ ಕೋಳಿಯ ಜೊತೆ ಹುಂಜವೂ ಇತ್ತು. ಅವನಿಂದ ಹೊಟ್ಟಿನಲ್ಲಿ ಹುದುಗಿಸಿ ಹತ್ತು ನಾಟಿ ಮೊಟ್ಟೆ ತರಿಸಿ, ಅವ್ವ ಪೂಜೆಗೆ ಕೂತಾಗ ಅದಲುಬದಲು ಮಾಡಿದೆ. ಹಳೆಯವನ್ನು ಹಿತ್ತಲಲ್ಲಿ ಹೂತೆ. ಸರೋಜಳಿಗಷ್ಟೇ ಗೊತ್ತು.

ಆಮೇಲೊಂದು ಗುರುವಾರ ರಿಪೇರಿಗೆಂದು ಹಗಲೆಲ್ಲ ಕರೆಂಟ್ ಹೋಯಿತು. ಓಡಿ ಮನೆಗೆ ಬಂದರೆ ಪೆಟ್ಟಿಗೆಯ ಸುತ್ತ ಅವ್ವನ ಕೌದಿ, ಮಗ್ಗುಲಲ್ಲಿ ಬಿಸಿನೀರಿನ ತಂಬಿಗೆ. ಯಾರು ಹೊದಿಸಿದ್ದು ಎಂದರೆ ಸರೋಜ ನಾನಲ್ಲವೆಂದು ತಲೆಯಾಡಿಸಿದಳು. ಅವ್ವ ಬತ್ತಿ ಹೊಸೆಯುತ್ತ, "ಕೌದಿ ಇಡ್ಲಿಕ್ಕೆ ಜಾಗಾ ಇರ್ಲಿಲ್ಲ, ಅಲ್ಲಿ ಇಟ್ಟೆ" ಎಂದಳು.

ಮರಿಯಾಗಲು ಬೇಕೆಂದು ಅವ್ವನಿಗೆ ಮೊದಲು ಹೇಳಿದ್ದ ಮೂರು ವಾರ ಕಳೆಯಿತು. ಅವ್ವ ದಿನಾ ಕೇಳತೊಡಗಿದಳು.

"ದಿನಾ ತುಂಬ್ಯಾವಲ್ಲೋ. ಹೆರಿಗಿ ಯಾಕ ತಡಾ?"

"ಪುಣೆ ಹವಾ ಅವ್ವಾ. ಭಾಳ ಥಂಡಿ. ಸ್ವಲ್ಪ ಮುಂದ ಹೋಗ್ತದ."

"ಹೌದೇಳು, ಹವಾ," ಎನ್ನುತ್ತಿದ್ದಳು.

ಮೊನ್ನೆ ಚಿಪ್ಪು ಬಿರಿದು ಐದು ಮರಿಗಳು ಬಂದವು. ಉಳಿದ ಐದು ಬರಲಿಲ್ಲ. ಕಾಕು, ಮೊದಲ ಸಲಕ್ಕೆ ಇಷ್ಟಾದರೆ ಪುಣ್ಯ ಎಂದರು. ಈಗ ಮರಿಗಳು ಬಲ್ಬಿನ ಕೆಳಗೆ ಬುಟ್ಟಿಯಲ್ಲಿವೆ, ಬುಟ್ಟಿಯ ಸುತ್ತ ಅದೇ ಕೌದಿ.

ಇವತ್ತು ಊಟಕ್ಕೆ ಕೂತಾಗ ಗಂಡಾಂತರ ದಾಟಿದ ಧೈರ್ಯದಲ್ಲಿ ನಾನೇ ಮಾತು ತೆಗೆದೆ. "ನೋಡವ್ವಾ, ಹೊತ್ತು ಹೊತ್ತಿಗೆ ಹೊರಳಿಸಿದ್ದಕ್ಕ ಇಷ್ಟಾದ್ರೂ ಆತು. ಮಧ್ಯಾಹ್ನದ್ದು ಸರೋಜಾನ ಪುಣ್ಯ."

"ಆಕಿ ಮಧ್ಯಾಹ್ನ ಮಲಗ್ತಾಳ," ಎಂದಳು ಅವ್ವ, ರೊಟ್ಟಿ ಮುರಿಯುತ್ತ. "ಹೊರಳಿಸ್ಲಿಕ್ಕೆ ಒಂದು ಹಳೇ ಕಟ್ಟಿಗಿ ಚಮಚಾ ಬ್ಯಾರೆ ತಗದಿಟ್ಟೀನಿ. ಅದನ್ನ ಅಡಿಗಿಮನಿಗೆ ತರಬ್ಯಾಡ್ರಿ ಮತ್ತ."

ಸರೋಜ ಪಲ್ಯದ ಬಟ್ಟಲನ್ನೇ ನೋಡತೊಡಗಿದಳು. ನಾನೂ ನೋಡತೊಡಗಿದೆ.

"ಒಂದು ತಿಳೀಲಿಲ್ಲ ನೋಡಪಾ," ಎಂದಳು ಅವ್ವ, ಸ್ಕ್ರೂ ಬಿಗಿಯಾದ ಕನ್ನಡಕ ಏರಿಸಿಕೊಂಡು. "ಹೆರಿಗಿ ತಡಾ ಆಗೂದೇನೋ ಖರೆ. ಪುಣೆ ಹವಾಕ್ಕ ಬೆಳ್ಳನ್ನ ತತ್ತಿ ಕೆಂಪೂ ಆಗ್ತಾವೇನು?"

ಜನ್ಮದಲ್ಲಿ ಮೊದಲ ಸಲ ಆ ಶಬ್ದ ಅವಳ ಬಾಯಿಂದ ಬಂದಿತ್ತು. ಗದಗಿಗೆ ಹೋಗುವ ಮಾತು ಮಾತ್ರ ಬರಲಿಲ್ಲ. ಬಾಣಂತನ ಮಾಡುವವಳು ಮರಿಗಳನ್ನು ಬಿಟ್ಟು ಎಲ್ಲಿಗಾದರೂ ಹೋಗುತ್ತಾಳೆಯೇ? ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಇತ್ತು. ನಾನು ತಲೆಯೆತ್ತದೆ ಒಂದು ರೊಟ್ಟಿ ಹೆಚ್ಚಿಗೆ ತಿಂದೆ. ಮೊದಲು ಮಲಗಿದವು ಮರಿಗಳು, ಅವ್ವನ ಕೌದಿಯಲ್ಲಿ. ಆಮೇಲೆ ಅವ್ವ, ನನ್ನ ರಗ್ಗಿನಲ್ಲಿ. ಪುಣೆಯ ಹವಾ ನಿಜವಾಗಿಯೂ ಥಂಡಿ ಎಂಬುದು ಆಗ ಗೊತ್ತಾಯಿತು.