ಎರಡು ಕೊಡ ನೀರು, ಎಂಟು ಗೊಂಚಲು

ನನಗೆ ಕೈ ಬಿಗಿ ಹಿಡಿದು ಗೊತ್ತಿಲ್ಲ. ನಾನು ಬಡಿಸಲು ನಿಂತರೆ ಉಣ್ಣುವವರು ತಾಟಿಗೆ ಎರಡೂ ಕೈ ಅಡ್ಡ ಹಿಡಿಯಬೇಕು, ಆ ಕೈಯ ಮೇಲೂ ಒಂದು ಸೌಟು ಬೇಳೆ ಬಿದ್ದಿರುತ್ತದೆ. ಇದನ್ನು ಪ್ರೀತಿ ಅಂತ ತಿಳಿದಿದ್ದೆ. ತಪ್ಪು ಅಂತ ತೋರಿಸಿಕೊಟ್ಟವರು ಸ್ಪೇನ್ ದೇಶದವರು. ನಗಬೇಡಿ, ನಾನು ಶಹಾಬಾದ್ ಬಿಟ್ಟು ಹೋದದ್ದು ಹೆಚ್ಚೆಂದರೆ ನಾಲವಾರದ ಮಠದ ತನಕ.

ನಮ್ಮ ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಸಿದೆ. ಆರು ವರ್ಷದ ಹಿಂದೆ ಒಂದು ಕಲ್ಲು ಎಬ್ಬಿಸಿ ದ್ರಾಕ್ಷಿ ಬಳ್ಳಿ ಹಚ್ಚಿದೆ. ಲಿಂಗಪೂಜೆಯ ನೀರನ್ನು ಯಾರೂ ತುಳಿಯಬಾರದು, ಗಿಡದ ಬುಡಕ್ಕೇ ಹಾಕಬೇಕು. ದಿನಾ ಮುಂಜಾನೆ ಆ ಬಳ್ಳಿಗೇ ಹಾಕುತ್ತಿದ್ದೆ. ಬಳ್ಳಿ ಚಪ್ಪರ ತುಂಬಿತು, ಮಾಳಿಗೆ ಏರಿತು. ಕಾಯಿ ಮಾತ್ರ ಒಂದೂ ಇಲ್ಲ. ಕಳೆದ ದಸರೆ ಮುಗಿದ ಮೇಲೆ ಮಗ ಬಸವರಾಜ ಕೊಡಲಿ ತಂದೇ ಬಿಟ್ಟ.

"ಯವ್ವಾ, ಆರು ವರ್ಷ ಆಯ್ತು, ಬರೇ ಎಲಿ. ಕಡದು ಹಾಕ್ತೀನಿ. ಗಾಡಿ ನಿಲ್ಲಸಾಕ ತಗಡಿನ ಪತ್ರಾ ಹೊದಸಬೇಕು."

ಬಳ್ಳಿಗೆ ಅಡ್ಡ ನಿಂತೆ. ಮಕ್ಕಳನ್ನೆಲ್ಲ ಬೈದು ಬೆಳೆಸಿದವಳು ನಾನು. ಬೈಯದೆ ಬೆಳೆಸಿದ್ದು ಅದೊಂದನ್ನೇ.

ಅವನ ಮಗಳು ಸುನೀತಾ ತೋಟಗಾರಿಕೆ ಓದುತ್ತಾಳೆ, ರಜಕ್ಕೆ ಬಂದಿದ್ದಳು. ಸ್ಪೇನಿನ ಪ್ರಿಯೋರಾತ್ ಎಂಬ ಸೀಮೆಯ ದ್ರಾಕ್ಷಿ ಬಗ್ಗೆ ಬರೆದು ತರಲು ಕಾಲೇಜಿನಲ್ಲಿ ಹೇಳಿದ್ದರಂತೆ. ಫೋನಿನಲ್ಲಿ ಚಿತ್ರ ತೋರಿಸಿದಳು. ಗುಡ್ಡದ ತುಂಬ ಹಾಳೆ ಹಾಳೆಯಾಗಿ ಏಳುವ ಕರಿ ಕಲ್ಲಿನ ಚೂರು, ನಮ್ಮ ಫರಸಿ ಖಣಿಯ ಬಾಜು ಬಿದ್ದಿರುವಂಥದ್ದೇ. ಮಣ್ಣು ಹೆಸರಿಗಷ್ಟೇ, ಮಳೆಯೂ ಕಡಿಮೆ. ಹಗಲು ಬಿಸಿಲು, ರಾತ್ರಿ ತಂಪು.

"ನೀರು ಹುಡಕ್ಕೋಂತ ಬೇರು ಕಲ್ಲಿನ ಸಂದಿಯಾಗ ಆಳಕ್ಕ ಇಳೀತಾವ ಆಯಿ. ಗೊಂಚಲು ಕಡಿಮಿ, ರುಚಿ ಭಾಳ."

"ಅಂಥಾ ಕಲ್ಲಿನಾಗ ಹಚ್ಚಿದವರರೆ ಯಾರ?"

"ಮಠದ ಸನ್ಯಾಸಿಗಳಂತ."

ಕೈ ಮುಗಿದೆ.

"ಹಣ್ಣು ಹಿಂಡಿ ವೈನ್ ಮಾಡ್ತಿದ್ರು."

ಮುಗಿದ ಕೈ ಇಳಿಸಿದೆ.

"ನೀ ದಿನಾ ಪೂಜಿ ನೀರು ಎಷ್ಟು ಹಾಕ್ತಿ?"

"ಎರಡು ಕೊಡ."

"ಲಿಂಗ ಅಂಗೈಯಾಗ ಕೂಡ್ತದ. ಅದಕ್ಕ ಎರಡು ಕೊಡ ನೀರಾ ಆಯಿ?"

ಸಿಕ್ಕಿಬಿದ್ದೆ. ಪೂಜೆಗೆ ಒಂದು ಬಟ್ಟಲು ಸಾಕು, ಉಳಿದದ್ದು ದೇವರ ಹೆಸರಿನಲ್ಲಿ ನನ್ನ ಕೈ ಚಟ. ಮೇಲೆ ಬುಟ್ಟಿಗಟ್ಟಲೆ ಗೊಬ್ಬರ ಬೇರೆ. ಕುಂತಲ್ಲೇ ಹೊಟ್ಟೆ ತುಂಬಿದ ಬಳ್ಳಿ ಕಾಯಿ ಯಾಕೆ ಬಿಟ್ಟೀತು?

"ಶಿವರಾತ್ರಿ ತನ ತಡಿ ಪಪ್ಪಾ. ಕಾಯಿ ಬರಲಿಲ್ಲಂದ್ರ ನಾನೇ ಕಡೀತೀನಿ" ಅಂತ ಸುನೀತಾ ಕೊಡಲಿ ಕಸಿದಿಟ್ಟಳು. ಕತ್ತರಿ ಹಿಡಿದು ಬಳ್ಳಿಯ ತಲೆ ಬೋಳಿಸಿದಳು. ನನಗೆ ದಿನಕ್ಕೆ ಒಂದು ತಂಬಿಗೆ ನೀರಿನ ಅಪ್ಪಣೆ, ನನ್ನ ಮೇಲೆ ಸೊಸೆಯ ಕಾವಲು.

ಶಿವರಾತ್ರಿಗೆ ಎಂಟು ಗೊಂಚಲು! ಬಸವರಾಜ ಒಂದು ಹಣ್ಣು ಬಾಯಿಗೆ ಹಾಕಿ ಹುಳಿಗೆ ಮುಖ ಕಿವಿಚಿದ, ಇನ್ನೊಂದಕ್ಕೆ ಕೈ ಚಾಚಿದ. ಗಾಡಿ ಈಗಲೂ ಬಿಸಿಲಲ್ಲೇ ನಿಲ್ಲುತ್ತದೆ. ಸುನೀತಾಳ ಉಪಕಾರ ದೊಡ್ಡದು. ಎದುರಿಗೆ ಹೇಳಿದರೆ ಹೆಗಲೇರುತ್ತಾಳೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆ ಸನ್ಯಾಸಿಗಳಿಗೂ ಇಳಿಸಿದ ಕೈ ಮತ್ತೆ ಮುಗಿದಿದ್ದೇನೆ. ಕುಡಿದದ್ದು ಅವರ ಹಣೆಬರಹ, ಬಳ್ಳಿ ಉಳಿದದ್ದು ನನ್ನ ಪುಣ್ಯ.

ಆದರೆ ಮುಂಜಾನೆ ತುಂಬಿಟ್ಟ ಎರಡು ಕೊಡ ಎಲ್ಲಿಗೆ ಹೋಗಬೇಕು? ಸೊಸೆಯ ಕಣ್ಣು ತಪ್ಪಿಸಿ, ಗೋಡೆಯಾಚೆ ಶಾಂತಮ್ಮನ ನಿಂಬೆ ಗಿಡಕ್ಕೆ ಸುರಿಯುತ್ತ ಬಂದೆ. ಮೊನ್ನೆ ಆಕೆ ಗೋಡೆ ಮೇಲೆ ಗದ್ದ ಊರಿ, "ಅಕ್ಕಾರ, ನಮ್ಮ ನಿಂಬಿ ಗಿಡ ಈ ವರ್ಷ ಬರೇ ಎಲಿ ಬಿಟ್ಟದ ನೋಡ್ರಿ, ಒಂದು ಕಾಯಿಲ್ಲ. ಏನಾಗಿರಬೇಕ್ರಿ?" ಅಂದಳು.

"ಮೊಮ್ಮಗಳು ರಜಕ್ಕ ಬರಲಿ, ಕೇಳಿ ನೋಡ್ತೀನಿ" ಅಂದೆ, ಖಾಲಿ ಕೊಡ ಸೆರಗಿನಲ್ಲಿ ಮುಚ್ಚಿಕೊಂಡು.