ಮಾಮಾನ ಎರಡು ಬೆರಳು, ನನ್ನ ಒಂದು ಮಾನಿಟರು

ನಮ್ಮ ಮಾಮಾನ ಎದುರಿಗೆ ಹೊಸ ಬಟ್ಟೆ ಉಟ್ಟುಕೊಂಡು ಹೋಗುವ ಧೈರ್ಯ ನಮ್ಮ ಬಳಗದಲ್ಲಿ ಯಾರಿಗೂ ಇಲ್ಲ! ಬೈಯುತ್ತಾರೆಂದಲ್ಲ. ಪಾಪ, ಅವರಿಗೆ ಬೈಯಲು ಬರುವುದೇ ಇಲ್ಲ. ಹತ್ತಿರ ಬಂದು, ಸೆರಗನ್ನೋ ಅಂಗಿಯ ತೋಳನ್ನೋ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಕಣ್ಣು ಮುಚ್ಚಿ, ಬತ್ತಿ ಹೊಸೆದಂತೆ ಹೊಸೆಯುತ್ತಾರೆ. ಆಮೇಲೆ ತೀರ್ಪು: "ಅರವತ್ತರ ನೂಲ ಅಂತ ಹೇಳಿ ಕೊಟ್ಟಾರೇನು? ನಲವತ್ತರದ್ದ ಐತಿ." ಅಂಕಿ ಇಳಿದಷ್ಟೂ ನೂಲು ದಪ್ಪ, ಬಟ್ಟೆ ಅಗ್ಗ ನೋಡಿ. ಅಷ್ಟೇ, ನಿಮ್ಮ ಹಬ್ಬ ಅಲ್ಲಿಗೆ ಮುಗಿಯಿತು.

ಮಾಮಾ ಅಂದರೆ ನಮ್ಮವ್ವನ ತಮ್ಮ. ಮನೆ ಇಚಲಕರಂಜಿಯ ಶಹಾಪುರದಲ್ಲಿ. ಜೀವಮಾನವೆಲ್ಲ ಪವರ್‌ಲೂಮ್ ಶೆಡ್ಡುಗಳಲ್ಲಿ ಜಾಬರ್ ಆಗಿದ್ದವರು, ಅಂದರೆ ಕೆಟ್ಟ ಮಗ್ಗವನ್ನು ಸರಿ ಮಾಡುವವರು. ಆ ಖಟಪಟದ ನಡುವೆ ಕೂಗಿದರೂ ಕೇಳದು ನೋಡಿ, ಹಾಗಾಗಿ ಅವರ ಬುದ್ಧಿಯೆಲ್ಲ ಇಳಿದು ಆ ಎರಡು ಬೆರಳಿಗೆ ಬಂದು ಕೂತಿತ್ತು.

ನಮ್ಮಕ್ಕನ ನಿಶ್ಚಯದ ದಿನ ಬೀಗರ ಧೋತರವನ್ನೇ ಹೊಸೆದುಬಿಟ್ಟರು! ಬೀಗರೋ, ಕೊಲ್ಹಾಪುರದ ಬಟ್ಟೆ ವ್ಯಾಪಾರಿಗಳು. "ಇದರಾಗ ಅರ್ಧಾ ಪಾಲಿಸ್ಟರ್ ಐತ್ರಿ" ಅಂದರು ಮಾಮಾ, ಇಡೀ ಪಂಕ್ತಿಗೆ ಕೇಳುವಂತೆ. ಅವ್ವ ತಲೆ ಮೇಲೆ ಕೈ ಹೊತ್ತಳು. ಲಗ್ನ ಮುರಿಯಿತೆಂದೇ ನಾನು ತಿಳಿದೆ. ಬೀಗರು ಆಚೆ ಈಚೆ ನೋಡಿ ಮಾಮಾನ ಕಿವಿಗೆ ಬಗ್ಗಿದರು: "ಖರೇ ಐತ್ರಿ. ಆದರ ನಮ್ಮ ಗಿರಾಕಿ ಮುಂದ ಅನಬ್ಯಾಡ್ರಿ."

ಇಂಥ ಮಾಮಾ ಒಮ್ಮೆ ಗಡಹಿಂಗ್ಲಜದ ನಮ್ಮ ಮನೆಗೆ ಎಂಟು ದಿನ ಇರಲು ಬಂದರು. ಅದೇ ವಾರ ನನ್ನ ಹೊಸ ಮಾನಿಟರೂ ಬಂತು. ನಾನು ಮನೆಯಲ್ಲೇ ಲಗ್ನಪತ್ರಿಕೆ ಮಾಡುವವಳು, ಕನ್ನಡದಲ್ಲೂ ಮರಾಠಿಯಲ್ಲೂ. ನಮ್ಮ ಕಡೆಯ ಪತ್ರಿಕೆಗಳಲ್ಲಿ ವಧುವರರ ಹೆಸರು ಎರಡು ಸಾಲು, ಆಮಂತ್ರಿಸುವವರ ಹೆಸರು ಒಂದು ಗಜ! ಲ್ಯಾಪ್‌ಟಾಪಿನ ಪುಟ್ಟ ಪರದೆಯಲ್ಲಿ ಅರ್ಧ ಬೀಗರು ಕಾಣುತ್ತಲೇ ಇರಲಿಲ್ಲ. ಒಮ್ಮೆ ಒಬ್ಬ ಸೋದರಮಾವನೇ ಬಿಟ್ಟುಹೋಗಿ, ಆ ಮನುಷ್ಯ ಊಟ ಬಿಟ್ಟು ಎದ್ದುಹೋದನಂತೆ. ಅದಕ್ಕೇ ಕೊಲ್ಹಾಪುರಕ್ಕೆ ಹೋಗಿ ದೊಡ್ಡ ಮಾನಿಟರು ತಂದೆ.

ಅಂಗಡಿಯಲ್ಲಿ ಝಗಝಗ ಅಂದದ್ದು ಮನೆಯಲ್ಲಿ ಮೂಕ. ನನ್ನ ಲ್ಯಾಪ್‌ಟಾಪು ಅದನ್ನು ಗುರುತೇ ಹಿಡಿಯಲೊಲ್ಲದು! ಬಂದ್ ಮಾಡಿದೆ, ಚಾಲೂ ಮಾಡಿದೆ. ಸೆಟ್ಟಿಂಗಿಗೆ ಹೋಗಿ "ಹುಡುಕು" ಎಂಬ ಗುಂಡಿ ಒತ್ತಿದೆ. ಬೇರೆ ಪರದೆ ಯಾವುದೂ ಸಿಗಲಿಲ್ಲ ಅಂತ ಬಂತು. ಗೇಣು ದೂರದಲ್ಲಿ ಗೋಡೆಯಷ್ಟು ದೊಡ್ಡದು ಕೂತಿದೆಯಲ್ಲಪ್ಪಾ!

ಮಾಮಾ ಚಹಾ ಕುಡಿಯುತ್ತ ಬಂದರು. ಮಾನಿಟರಿನ ಬೆನ್ನಿಗೆ ಕಿವಿ ಹಚ್ಚಿದರು.

"ಕಡೀಕ ಇದನ್ನ ಯಾರ ಮುಟ್ಟ್ಯಾರ?"

"ನಾನ ಮುಟ್ಟೇನ್ರಿ."

"ಹಂಗಾರ ಮಷೀನಿಂದ ತಪ್ಪಿಲ್ಲ ಬಿಡು."

ಪತ್ರಿಕೆ ಮಾಡಿಸಲು ಬಂದಿದ್ದ ಇಬ್ಬರು ಗಿರಾಕಿಗಳು ಹಲ್ಲು ಕಿರಿದರು. ನನಗೆ ಮೈಯೆಲ್ಲ ಉರಿ. ಅಷ್ಟರಲ್ಲಿ ಮಾಮಾನ ಕೈ ವಾಯರಿನ ಮೇಲೆ ಹೋಯಿತು. ಡಬ್ಬಿಯಲ್ಲಿ ಬಂದಿದ್ದ ಕರಿ ವಾಯರು ಗಿಡ್ಡ, ಗಡುಸು, ಮೇಜಿನ ಹಿಂದಿನಿಂದ ಎಟುಕಿರಲಿಲ್ಲ. ಮೊಬೈಲ್ ಚಾರ್ಜ್ ಮಾಡುವ ನನ್ನ ಬಿಳಿ ವಾಯರು ಉದ್ದ, ಮೆತ್ತಗೆ. ಎರಡರ ಬಾಯಿಯೂ ಒಂದೇ ಥರ ಇತ್ತಲ್ಲ, ಬಿಳಿಯದನ್ನೇ ಸಿಕ್ಕಿಸಿದ್ದೆ. ಮಾಮಾ ಅದನ್ನು ಹಿಡಿದು, ಕಣ್ಣು ಮುಚ್ಚಿ, ಹೊಸೆದರು. ಆಮೇಲೆ ಕರಿಯದನ್ನು ಹೊಸೆದರು.

"ಬಿಳೀದರಾಗ ಎಳಿ ಕಡಿಮಿ ಅದಾವ ನೋಡವ್ವಾ. ಕರೀದ ಹಚ್ಚು."

"ಮಾಮಾ, ಇದು ಧೋತರ ಅಲ್ರಿ!" ಅಂದೆ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. "ಸುಮ್ಮನ ಕೂಡ್ರಿ. ತಿಳೀಲಾರದ್ದಕ್ಕೆಲ್ಲಾ ಕೈ ಹಚ್ಚಬ್ಯಾಡ್ರಿ."

ಗಿರಾಕಿಗಳು ಹೊಟ್ಟೆ ಹಿಡಿದು ನಕ್ಕರು. ಮಾಮಾನೂ ನಕ್ಕರು. ನಕ್ಕು ವಾಯರನ್ನು ಮೆಲ್ಲಗೆ ಕೆಳಗಿಟ್ಟರು. ಎಂಟು ದಿನಕ್ಕೆಂದು ಬಂದವರು ನಾಲ್ಕನೆಯ ದಿನವೇ ಇಚಲಕರಂಜಿಯ ಬಸ್ಸು ಹತ್ತಿದರು. ನಾನು ಕರಿ ವಾಯರನ್ನು ಹಚ್ಚಿ ನೋಡಿದೆನೇ? ಎಲ್ಲಿಯದು! ಮೇಜು ಗೇಣಷ್ಟು ಸರಿಸಿದ್ದರೆ ಸಾಕಿತ್ತು. ನನ್ನ ಜಂಬ ಸರಿಯಬೇಕಲ್ಲ? ಮಾನಿಟರೇ ಕೆಟ್ಟಿದೆ ಎಂದು ಠರಾಯಿಸಿ, ಎಲ್ಲವನ್ನೂ ಡಬ್ಬಿಗೆ ತುಂಬಿ ಮಂಚದ ಕೆಳಗೆ ತಳ್ಳಿದೆ.

ಆದರೆ ಕಥೆಯನ್ನು ಮಾತ್ರ ಮಂಚದ ಕೆಳಗೆ ತಳ್ಳಲಿಲ್ಲ! ಲಗ್ನ, ಸೀಮಂತ, ತೊಟ್ಟಿಲು, ಎಲ್ಲಿ ನಾಲ್ಕು ಜನ ಸೇರಿದರೂ ನಾನು ಕಣ್ಣು ಮುಚ್ಚಿ ಎರಡು ಬೆರಳು ಹೊಸೆದು "ಎಳಿ ಕಡಿಮಿ ಅದಾವ" ಅನ್ನುವುದು, ಮಂದಿ ಬಿದ್ದು ಬಿದ್ದು ನಗುವುದು. ಮಾಮಾ ಎದುರಿಗಿದ್ದರೆ ಇನ್ನೂ ಮಜಾ. ಅವರೂ ಕಣ್ಣೀರು ಬರುವಷ್ಟು ನಗುತ್ತಿದ್ದರು. ಒಂದು ತೊಟ್ಟಿಲ ದಿನ ಕುದಿಯುವ ಚಹಾದ ಗ್ಲಾಸನ್ನು ಅವರು ಬರಿಗೈಯಲ್ಲಿ ಹಿಡಿದು ಕೂತಿದ್ದು ನೋಡಿ "ಜಾಬರನ ಕೈ ಅಂದರ ಕಬ್ಬಿಣ ರೀ!" ಎಂದು ಅದಕ್ಕೂ ನಗಿಸಿದೆ. ಆವತ್ತು ಅವರು ಯಾರ ಬಟ್ಟೆಯನ್ನೂ ಹೊಸೆಯಲಿಲ್ಲ ಎಂಬುದು ನನ್ನ ಗಮನಕ್ಕೇ ಬರಲಿಲ್ಲ.

ಆರೇಳು ತಿಂಗಳ ಮೇಲೆ ಡಬ್ಬಿ ಹೊತ್ತು ಕೊಲ್ಹಾಪುರಕ್ಕೆ ಹೋದೆ. ಬಿಳಿ ವಾಯರನ್ನೂ ಒಯ್ದಿದ್ದೆ, ಸಾಕ್ಷಿಗೆ! ಅಂಗಡಿಯವರು ಡಬ್ಬಿಯಿಂದ ಕರಿ ವಾಯರು ತೆಗೆದು ಸಿಕ್ಕಿಸಿದರು. ಪರದೆ ಝಗ್ ಅಂತ ಹೊತ್ತಿತು. ಬಿಳಿಯದನ್ನು ಎತ್ತಿ ನನ್ನ ಕೈಗಿಟ್ಟರು.

"ತಾಈ, ಹೀ ಫಕ್ತ ಚಾರ್ಜಿಂಗಚೀ ವಾಯರ್. ಆತ ತಾರಾ ಕಮೀ ಅಸತಾತ."

ಇದು ಬರೀ ಚಾರ್ಜಿಂಗಿನದು, ಒಳಗೆ ತಂತಿಗಳು ಕಡಿಮೆ ಇರುತ್ತವೆ. ಅದೇ ಮಾತು, ಮರಾಠಿಯಲ್ಲಿ! ನಾಚಿಕೆಯಿಂದ ಎರಡೂ ವಾಯರನ್ನು ಚೀಲಕ್ಕೆ ತುರುಕಿದೆ. ಗಡಹಿಂಗ್ಲಜದ ಬಸ್ಸು ಬಿಟ್ಟು ಇಚಲಕರಂಜಿಯ ಬಸ್ಸು ಹಿಡಿದೆ.

ಮಾಮಾ ಜಗಲಿಯ ಮೇಲೆ ಕೂತಿದ್ದರು. ಚಪ್ಪಲಿ ಬಿಡುವ ಮೊದಲೇ ಹೇಳಿದೆ: "ಮಾಮಾ, ತಪ್ಪಾತ್ರಿ. ನೀವ ಹೇಳಿದ್ದ ಖರೇ ಇತ್ತು. ಬಿಳೀದರಾಗ ಎಳಿ ಕಡಿಮಿ ಅದಾವ."

ಮಾಮಾ ಹೋ ಎಂದು ನಕ್ಕರು. "ಮತ್ತ ಸುರು ಮಾಡಿದಿ? ಏ, ಚಹಾ ಇಡ, ಪೋರಿ ನಗಸಾಕ ಬಂದಾಳ!" ಎಂದು ಒಳಗೆ ಅತ್ತಿಯನ್ನು ಕೂಗಿದರು.

ನಂಬಲೇ ಇಲ್ಲ. ಹೇಗೆ ನಂಬುತ್ತಾರೆ? ಆ ಮಾತನ್ನು ನನ್ನ ಬಾಯಲ್ಲಿ ಚೇಷ್ಟೆಯಾಗಿ ಎಷ್ಟು ಸಲ ಕೇಳಿದ್ದರೋ! ಎರಡೂ ವಾಯರನ್ನು ಅವರ ಕೈಗೆ ಕೊಟ್ಟೆ. "ನೀವ ನೋಡ್ರಿ."

ನಗು ನಿಲ್ಲಿಸಿ ಕಣ್ಣು ಮುಚ್ಚಿದರು. ಬಿಳಿಯದನ್ನು ಹೊಸೆದರು, ಕರಿಯದನ್ನು ಹೊಸೆದರು, ಮತ್ತೆ ಬಿಳಿಯದನ್ನು. ಭಾಳ ಹೊತ್ತು.

"ಎರಡೂ ಒಂದ ಅನಸ್ತಾವವ್ವಾ. ಅವತ್ತ ನೀ ಹೇಳಿದ್ದ ಬರೋಬರಿ ಇತ್ತ ನೋಡು."

ಚಹಾ ತಂದ ಅತ್ತಿ ಗ್ಲಾಸನ್ನು ಅವರ ಕೈಗೆ ಕೊಡದೆ ಪಕ್ಕಕ್ಕಿಟ್ಟರು. "ಸಕ್ಕರಿ ಬ್ಯಾನಿ ಬೆರಳೆಲ್ಲಾ ತಿಂದೈತಿ. ಬಿಸಿ ತಣ್ಣಗ ತಿಳೀವಲ್ದು. ಯಾರಿಗೂ ಹೇಳಬ್ಯಾಡ ಅಂದಾರ" ಎಂದರು.

ವಾಯರುಗಳನ್ನು ಇಸಿದುಕೊಂಡು ನಾನೇ ಹೊಸೆದೆ. ಏನೂ ತಿಳಿಯಲಿಲ್ಲ. "ಇಲ್ಲ್ರಿ ಮಾಮಾ, ಬಿಳೀದರಾಗ ಕಡಿಮಿ ಅದಾವ" ಎಂದೆ.

"ನಿನ್ನ ಬೆರಳಿಗೆ ಗೊತ್ತಾಗಾಕತ್ತೈತೇನು?"

"ಹೌದ್ರಿ. ಛಲೋ ಗೊತ್ತಾಗಾಕತ್ತೈತಿ."

ಮಾಮಾನ ಮುಖ ಅರಳಿತು. ತಮ್ಮ ಧೋತರದ ಚುಂಗನ್ನು ಎತ್ತಿ ನನ್ನ ಎರಡು ಬೆರಳುಗಳ ನಡುವೆ ಇಟ್ಟರು. "ಹಂಗಾರ ಇದ ಎಷ್ಟರ ನೂಲು, ಹೇಳು?"

ನಾನು ಕಣ್ಣು ಮುಚ್ಚಿಕೊಂಡು ಬಾಯಿಗೆ ಬಂದದ್ದು ಹೇಳಿದೆ. "ಎಂಬತ್ತರದ್ರಿ."

"ಬರೋಬರಿ!" ಅಂದರು ಮಾಮಾ.